ಚಿತ್ರ ಮೂಡುವ ಮೊದಲು

ಅವನು ಗಡ್ಡ ಬೋಳಿಸುತ್ತಿದ್ದದ್ದು ವರ್ಷಕ್ಕೊಂದೇ ಸಲ, ಸ್ಕ್ಯಾನ್ ದಿನ. ಅದನ್ನು ಅವನ ಅಕ್ಕನೇ ಬಾಗಿಲಲ್ಲಿ ನಿಂತು ಹೇಳಿದಳು. "ಎದೆ ತೋರಿಸೋಕೆ ಬರೋ ದಿನಾನೇ ನನ್ನ ತಮ್ಮನಿಗೆ ಮುಖದ ನೆನಪಾಗೋದು, ನೋಡಿ ಮೇಡಂ."

ಮೇಡಂ ಅಂದರೆ ಸಿಟಿ ಸ್ಕ್ಯಾನ್ ಮಾಡುವ ಟೆಕ್ನಿಷಿಯನ್, ನಲವತ್ತರ ಹತ್ತಿರದವಳು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದಳು.

ಅವನು ಕಲ್ಲು ಕೆತ್ತುವವನು. ಇಪ್ಪತ್ತು ವರ್ಷ ಕಲ್ಲಿನ ಧೂಳು ಕುಡಿದ ಎದೆ. ಮೂರು ವರ್ಷದ ಹಿಂದೆ, ಕೆಮ್ಮೂ ಇಲ್ಲದ ನೋವೂ ಇಲ್ಲದ ಕಾಲದಲ್ಲಿ, ಕೆಲಸಗಾರರ ತಪಾಸಣೆಯಲ್ಲಿ ಬಲ ಶ್ವಾಸಕೋಶದೊಳಗೆ ಒಂದು ಚುಕ್ಕೆ ಸಿಕ್ಕಿತ್ತು. ಕಾಳುಮೆಣಸಿನಷ್ಟು. ಬೆಳೆಯುತ್ತದೋ ಇಲ್ಲವೋ ನೋಡೋಣ, ವರ್ಷ ವರ್ಷ ಬನ್ನಿ ಎಂದಿದ್ದರು ಡಾಕ್ಟರು. ಹೋದ ವರ್ಷದ ತನಕ ಚುಕ್ಕೆ ಬೆಳೆಯಲಿಲ್ಲ, ಬೆಳೆದದ್ದು ಬೇರೆ.

ಚಿತ್ರವನ್ನು ಎಲ್ಲರಿಗಿಂತ ಮೊದಲು ನೋಡುವವಳು ಅವಳು. ಆದರೆ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅದಕ್ಕೇ ಬಂದವರೆಲ್ಲ ಅವಳ ಮುಖ ಓದಲು ನೋಡುತ್ತಾರೆ, ಅವಳು ಎಲ್ಲರಿಗೂ ಒಂದೇ ಮುಖ ತೋರಿಸುತ್ತಾಳೆ. "ಎಷ್ಟೋ ಕಲ್ಲು ಒಡೆದಿದ್ದೀನಿ, ಇಷ್ಟು ಗಟ್ಟಿ ಕಲ್ಲು ಸಿಕ್ಕಿರಲಿಲ್ಲ" ಎಂದಿದ್ದ ಅವನು ಮೊದಲ ಸಲ, ಆ ಮುಖವನ್ನೇ ದಿಟ್ಟಿಸುತ್ತ. ಅವಳಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಭಾನುವಾರದ ನಡಿಗೆ, ಪಾರ್ಕಿನ ಬೆಂಚು, ಆರಿಹೋಗುವ ತನಕ ಕೈಯಲ್ಲೇ ಉಳಿದ ಚಹಾ.

ಹೋದ ತಿಂಗಳು ಅದೇ ಬೆಂಚಿನ ಮೇಲೆ ಅವನು ಮದುವೆಯ ಮಾತೆತ್ತಿದ. ಅವಳು ಉತ್ತರಿಸುವ ಮೊದಲೇ ತಡೆದ.

"ಈಗಲೇ ಬೇಡ. ಸ್ಕ್ಯಾನ್ ಆಗಲಿ, ಚಿತ್ರ ನೋಡಿ ಹೇಳಿ. ನಿಮಗೆ ಮೋಸ ಆಗಬಾರದು."

ನ್ಯಾಯವಾದ ಮಾತು ಎಂದುಕೊಂಡು ಅವಳು ಮನೆಗೆ ಹೋದಳು. ತಿಂಗಳಿಡೀ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಈಗ ಅವನು ಮೇಜಿನ ಮೇಲೆ ಅಂಗಾತ ಮಲಗಿದ್ದ, ಎರಡೂ ಕೈ ತಲೆಯ ಹಿಂದೆ. ಉಗುರಿನ ಸಂದಿಯಲ್ಲಿ ಬಿಳಿ ಧೂಳು ಹಾಗೇ ಇತ್ತು. ಅವಳು ಪಕ್ಕದ ಕೋಣೆಗೆ ಹೋಗಿ ಗಾಜಿನ ಈಚೆ ಕೂತಳು. ಬಟನ್ ಮೇಲೆ ಬೆರಳಿಟ್ಟಳು. ಒತ್ತಲಾಗಲಿಲ್ಲ.

ಚಿತ್ರ ನೋಡಿದ ಮೇಲೆ ಹೂಂ ಅಂದರೆ? ಚುಕ್ಕೆ ಬೆಳೆದಿದ್ದರೆ ಅವನು ಅದನ್ನು ಕನಿಕರ ಅಂದುಕೊಳ್ಳುತ್ತಾನೆ. ಬೆಳೆಯದಿದ್ದರೆ ತಾನೇ ಅದನ್ನು ಲೆಕ್ಕಾಚಾರ ಅಂದುಕೊಳ್ಳುತ್ತಾಳೆ. ಅವನು ಬೇಕು ಎನ್ನುವ ಮಾತಿಗೆ ಎಲ್ಲೂ ಜಾಗವಿಲ್ಲ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಎದ್ದು, ಭಾರದ ಬಾಗಿಲು ತಳ್ಳಿ ಅವನ ಬಳಿ ಬಂದಳು.

"ಮುಗೀತಾ?"

"ಇನ್ನೂ ಶುರುನೇ ಆಗಿಲ್ಲ."

"ಮಷೀನ್ ಕೈಕೊಡ್ತಾ?"

"ಮಷೀನ್ ಚೆನ್ನಾಗಿದೆ. ನಾನು ನಿಮ್ಮನ್ನ ಮದುವೆ ಆಗ್ತೀನಿ. ಚಿತ್ರ ನೋಡೋಕೆ ಮೊದಲೇ ಹೇಳಿದ್ದೀನಿ, ನೆನಪಿರಲಿ."

ಅವನ ಕಣ್ಣಂಚಿನಿಂದ ಒಂದು ಹನಿ ಕಿವಿಯ ಕಡೆ ಇಳಿಯಿತು.

"ಕೈ ಇಳಿಸಬಹುದಾ ಮೇಡಂ? ಕಣ್ಣು ಒರೆಸ್ಕೋಬೇಕು."

"ಅಲ್ಲಾಡಬೇಡಿ" ಎಂದು ಅವಳೇ ಒರೆಸಿದಳು. "ಇನ್ಮೇಲೆ ಮೇಡಂ ಬೇಡ."

ಮತ್ತೆ ಗಾಜಿನ ಈಚೆ. "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ." ಎಂದು ಮೈಕಿನಲ್ಲಿ ಹೇಳಿ ಬಟನ್ ಒತ್ತಿದಳು. "ಬಿಡಿ."

ಪರದೆಯ ಮೇಲೆ ಅವನ ಎದೆ ಪದರ ಪದರವಾಗಿ ಮೂಡಿತು. ಹೃದಯ, ಪಕ್ಕೆಲುಬು, ಬಲಗಡೆಯ ಆ ಜಾಗ. ಎರಡು ಸಲ ಅಳೆದಳು. ಕಾಳುಮೆಣಸು ಈಗ ಕಡಲೆಕಾಳಿನಷ್ಟಾಗಿತ್ತು.

ಅವಳು ಬಂದಾಗ ಅವನು ಎದ್ದು ಕೂತು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಎಲ್ಲರಿಗೂ ತೋರಿಸುವ ಆ ಮುಖವನ್ನು ಇವನಿಗೂ ತೋರಿಸಲು ನೋಡಿದಳು. ಹದಿನೈದು ವರ್ಷದ ಕೆಲಸದಲ್ಲಿ, ಚಿತ್ರ ನೋಡಿದ ಮೇಲೆ ಅದು ಬರದೇ ಹೋದದ್ದು ಇದೇ ಮೊದಲು.

ಅವನ ಬೆರಳು ಗುಂಡಿಯ ಮೇಲೆ ನಿಂತಿತು.

"ಕೊಟ್ಟ ಮಾತು ವಾಪಸ್ ತಗೊಳ್ಳಿ" ಎಂದ ಮೆಲ್ಲಗೆ. "ನಾನು ಬೇಜಾರು ಮಾಡ್ಕೊಳ್ಳಲ್ಲ."

ಅವಳು ಬಾಗಿ ಉಳಿದ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

"ರಿಪೋರ್ಟ್ ಹೇಳೋದು ಡಾಕ್ಟರ ಕೆಲಸ, ಅಲ್ಲಿಗೆ ನಾನೂ ಬರ್ತೀನಿ. ಮೊದಲು ಅಕ್ಕನಿಗೆ ಹೇಳೋಣ, ಮದುವೆ ಈ ತಿಂಗಳೇ ಅಂತ."

ಬಾಗಿಲು ತೆರೆದಾಗ ಅಕ್ಕ ಗಾಬರಿಯಿಂದ ಎದ್ದು ನಿಂತಳು. ಮೊದಲು ಅವಳ ಕಣ್ಣಿಗೆ ಬಿದ್ದದ್ದು ಹೆಣೆದುಕೊಂಡಿದ್ದ ಆ ಎರಡು ಕೈಗಳು.