ಜೋಸೆಫಿನ್ನಳ ಉಡಿ

"ಚೀಲ ಸುರುವು," ಎಂದಳು ಕಸ್ತೂರಿ, ಎಲ್ಲರೆದುರಿಗೆ.

ಸುರಪುರದ ಆ ಹುಡುಗಿಯರ ಶಾಲೆಯಲ್ಲಿ ಅಂದು ಯುರೋಪಿನ ರಾಣಿಯರ ಚಿತ್ರಪ್ರದರ್ಶನ. ಇತಿಹಾಸದ ಟೀಚರು ಕಸ್ತೂರಿ ಮುಂದೆ ನಿಂತು ಬರೆಸಿದ ಹನ್ನೆರಡು ಚಿತ್ರಗಳಲ್ಲಿ ನೆಪೋಲಿಯನ್ನನ ರಾಣಿ ಜೋಸೆಫಿನ್ನಳದು ಗೋಡೆಯ ಮೇಲಿರಲಿಲ್ಲ. ಕೋಣೆಯ ಕೀಲಿ ಇದ್ದದ್ದು ಕಸ ಗುಡಿಸುವ ಜೈತುನಬೀ ಕೈಯಲ್ಲಿ. ಆಕೆಯ ಚೀಲದಿಂದ ರೊಟ್ಟಿ ಬಿತ್ತು, ಮೊಮ್ಮಗಳ ಔಷಧದ ಶೀಶೆ ಬಿತ್ತು. ಚಿತ್ರ ಬೀಳಲಿಲ್ಲ.

"ಸಂಜೀತನಕ ಚಿತ್ರ ಸಿಗಲಿಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ," ಎಂದರು ಹೆಡ್ ಮೇಡಂ.

"ಆ ರಾಣಿನ್ನ ಒಯ್ದು ನಾ ಏನ್ ಮಾಡ್ಲಿರಿ? ನಮ್ಮ ಮನ್ಯಾಗ ರೊಟ್ಟಿ ಬಡೀತಾಳೇನು?" ಎಂದು ಜೈತುನಬೀ ಅತ್ತಳು.

ಹಾಸ್ಟೆಲ್ ವಾರ್ಡನ್ ಸುಗಲಮ್ಮ ಮುಂದೆ ಬಂದರು. ಕಾಲ್ಗೆಜ್ಜೆಯಿಂದ ಪ್ರಶ್ನೆಪತ್ರಿಕೆಯವರೆಗೆ ಆ ಶಾಲೆಯಲ್ಲಿ ಕಳೆದದ್ದನ್ನೆಲ್ಲ ಪತ್ತೆ ಹಚ್ಚಿದವರು ಅವರೇ. ಕಸ್ತೂರಿಯನ್ನು ಕರೆದುಕೊಂಡು ಕೋಣೆ ನೋಡಿದರು. ಪಿನ್ನುಗಳು ಜೋಪಾನವಾಗಿ ಡಬ್ಬಿ ಸೇರಿದ್ದವು. ಚಿತ್ರದ ಕೆಳಗಿನ ವಿವರದ ಚೀಟಿ ಗೋಡೆಗೆ ಮುಖ ಮಾಡಿತ್ತು. ಬೆಂಚಿನ ಮೇಲೊಂದು ಕುಪ್ಪಸದ ಖಣ; ಅದರಲ್ಲಿ ಅಕ್ಕಿ, ಐದು ಉತ್ತತ್ತಿ, ಐದು ಅರಿಶಿನ ಕೊಂಬು. ಖಣದ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸಲಾಗಿತ್ತು.

"ಜೈತುನಬೀ ಸಂತಿ ಸಾಮಾನು ಇರಬೇಕ್ರಿ," ಎಂದು ಕಸ್ತೂರಿ ಬೇರೆ ಕಡೆ ನೋಡಿದಳು.

ಮಧ್ಯಾಹ್ನ ಎಲ್ಲರೂ ಅಲ್ಲಿಯೇ ಕೂಡಿದರು. ಶಹಾಪುರದಲ್ಲಿ ವಕೀಲರನ್ನು ಕಂಡು ಆಗಷ್ಟೇ ಬಸ್ಸಿಳಿದು ಬಂದಿದ್ದ ಹೊಲಿಗೆ ಟೀಚರು ದಾನೇಶ್ವರಿಯೂ ಇದ್ದಳು. ಆಕೆ ಕಸ್ತೂರಿಯ ಅಣ್ಣ ಬಸವಕುಮಾರನ ಹೆಂಡತಿ; ಕಸ್ತೂರಿಗೆ ವೈನಿ.

"ಕಳ್ಳರು ತಗೊಂಡು ಹೋಗ್ತಾರ. ಇವರು ಇಟ್ಟು ಹೋಗ್ಯಾರ," ಎಂದು ಸುಗಲಮ್ಮ ಶುರುಮಾಡಿದರು. "ಐದೈದು ಎಣಿಸಿ ಇಟ್ಟದ್ದು ಸಂತಿ ಅಲ್ಲ, ಉಡಿ. ಮುತ್ತೈದಿನ್ನ ನಾವು ಬರೀ ಉಡೀಲೆ ಕಳಸೂದಿಲ್ಲ. ರಾಣಿನ್ನ ಗೋಡಿಂದ ಇಳಸುವಾಗೂ ಆ ಕೈ ಪದ್ಧತಿ ಮರೀಲಿಲ್ಲ. ಇದು ಜೈತುನಬೀ ಮನಿ ಪದ್ಧತಿ ಅಲ್ಲ. ಮುಂಜಾನಿ ಆಕಿ ನೀರು ತರಾಕ ಹೋದಾಗ ಬಾಗಲಾ ತೆರದ ಇತ್ತು. ಇನ್ನ, ಹಲ್ಲಿನ ಕತ್ತರಿ ಇರೂದು ಹೊಲಿಗಿ ಕೋಣ್ಯಾಗ ಒಂದ. ಹುಡುಗ್ಯಾರ ಕೈಗಿ ಅದನ್ನ ಕೊಡಂಗಿಲ್ಲ."

"ತಲಿ ಕಡಿಸಿಕೊಂಡ ರಾಣೀನೂ ಇಲ್ಲೇ ಅದಾಳ. ಈಕೀನೇ ಯಾಕ?" ಎಂದರು ಹೆಡ್ ಮೇಡಂ.

ಸುಗಲಮ್ಮ ಚೀಟಿ ತಿರುಗಿಸಿ ಓದಿದರು: "ವಾರಸುದಾರನನ್ನು ಹೆರದ ಜೋಸೆಫಿನ್ನಳನ್ನು ನೆಪೋಲಿಯನ್ ಬಿಟ್ಟದ್ದು ರಾಜ್ಯದ ಹಿತಕ್ಕಾಗಿ."

"ನಾನೇ ತಗದೇನ್ರಿ. ನನ್ನ ಕಪಾಟಿನ್ಯಾಗ ಅದ," ಎಂದಳು ದಾನೇಶ್ವರಿ. "ಜೈತುನಬೀ ಮ್ಯಾಲ ಬರ್ತದಂತ ತಿಳೀಲಿಲ್ಲ, ಅದು ನನ್ನ ತಪ್ಪು. ಹೋದ ವಾರ ಕಸ್ತೂರಿ ವಿಚ್ಛೇದನದ ಕಾಗದ ತಂದು, 'ಮನಿತನದ ಹಿತಕ್ಕ ಸಹಿ ಮಾಡ್ರಿ ವೈನಿ' ಅಂದ್ಲು. ನಿನ್ನಿ ಸಂಜಿಗಿ ನೋಡಿದ್ರ ಅದೇ ಮಾತು ಗೋಡಿ ಮ್ಯಾಲ."

ಕಸ್ತೂರಿಯ ತಲೆ ತಗ್ಗಿತು. ಆ ಖಣ ಯಾರದೆಂದು ಬೆಳಿಗ್ಗೆಯೇ ಆಕೆಗೆ ಗುರುತು ಸಿಕ್ಕಿತ್ತು. ಸಿಕ್ಕಿಯೂ ಜೈತುನಬೀ ಹೆಸರು ಹೇಳಿದ್ದಳು. ವೈನಿಯ ಹೆಸರೆತ್ತಿದರೆ ಕಾಗದದ ಮಾತೂ ಹೊರಬೀಳುತ್ತಿತ್ತು.

ಕಸ್ತೂರಿ ಜೈತುನಬೀಯ ಹತ್ತಿರ ಹೋಗಿ, "ತಪ್ಪಾತು," ಎಂದು ಪಿಸುಗುಟ್ಟಿದಳು.

"ಕಿವ್ಯಾಗ ಬ್ಯಾಡ್ರಿ ಟೀಚರ್. ಬೈಯುವಾಗ ಗೇಟಿನತನಾ ಕೇಳಿಸಿತ್ತು."

ಕಸ್ತೂರಿ ಗಟ್ಟಿಯಾಗಿ ಹೇಳಿದಳು.

"ನಾ ಸಹಿ ಮಾಡಂಗಿಲ್ಲಂತ ವಕೀಲರಿಗಿ ಹೇಳಿ ಬಂದೀನಿ," ಎಂದಳು ದಾನೇಶ್ವರಿ. "ನಿಮ್ಮ ಅಣ್ಣಗ ಯಾರು ಹೇಳ್ತಾರ?"

ಕಸ್ತೂರಿ ಅಲ್ಲಿಯೇ ಯಾದಗಿರಿಯಲ್ಲಿದ್ದ ಅಣ್ಣನಿಗೆ ಫೋನು ಹಚ್ಚಿದಳು. "ಅಣ್ಣಾ, ಆ ಕಾಗದ ಹಿಡಕೊಂಡು ನಾ ಹೋಗಬಾರದಿತ್ತು. ವೈನಿ ಸಹಿ ಮಾಡಂಗಿಲ್ಲ. ನಾನೂ ಆಕಿ ಕಡೀನೇ."

ಆ ಕಡೆಯಿಂದ ಬೈಗುಳ ಶುರುವಾಯಿತು. ಕಸ್ತೂರಿ ಸ್ಪೀಕರ್ ಒತ್ತಿ, ಫೋನನ್ನು ಎಲ್ಲರ ನಡುವೆ ಮೇಜಿನ ಮೇಲಿಟ್ಟಳು.