ವಿಶೇಷ ಕಾರಣ

ಆ ಸೋಮವಾರ ಬರ್ಬಿಸ್ ನದಿ ದಂಡೆಯ ಮ್ಯಾಜಿಸ್ಟ್ರೇಟ್ ಕೋರ್ಟಿನೆದುರು ಬಂದ ಅತ್ಯಂತ ಗಹನವಾದ ಪ್ರಶ್ನೆ, ಫ್ಯಾನು ಎರಡರಲ್ಲಿ ತಿರುಗಬೇಕೋ ಮೂರರಲ್ಲೋ ಎಂಬುದು. ಮೂರರಲ್ಲಿ ಕಾಗದಗಳು ಹಾರುತ್ತವೆ. ಎರಡರಲ್ಲಿ ಸಾಹೇಬರು ಬೆವರುತ್ತಾರೆ. ಉಭಯ ಪಕ್ಷಗಳ ವಾದ ಕೇಳಿ, ಕಾಲು ಗಂಟೆಯ ಬಳಿಕ, ಎರಡೇ ಎಂದು ತೀರ್ಮಾನವಾಯಿತು. ಗಾಂಜಾ ಕೇಸಿನ ಶಾಂಡೆಲ್‌ಳ ಜಾಮೀನಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ.

ಅದಕ್ಕೂ ಮುಂಚೆ ಲಾಕಪ್ಪಿನ ಸರಳುಗಳ ಹತ್ತಿರ ಲಖನ್ ಬಿಸಿ ದಾಲ್ ಪುರಿ ತಂದಿದ್ದ. ಮಿನಿಬಸ್ ಡ್ರೈವರ್, ಆರು ತಿಂಗಳು ಕನ್ನಡಿಯಲ್ಲೇ ನೋಡಿ ನೋಡಿ ಅವಳನ್ನು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ತಂದವನು.

"ಮೀಸೆ ಬೋಳಿಸಿದ್ದೀಯಲ್ಲೋ! ಕೋರ್ಟಿಗಾ, ನನಗಾ?"

"ಕೋರ್ಟಿಗೆ. ನಿನಗೆ ಅಂತ ಭಾನುವಾರ ಮತ್ತೆ ಬೋಳಿಸ್ತೀನಿ."

"ಮದುವೆ ಗೌನು ಹೊಲಿದಾಯ್ತಾ?"

"ಸೊಂಟದ ಹತ್ರ ಬಿಗಿ ಮಾಡಿಸಿದೀನಿ. ಒಳಗೆ ಊಟ ಸರಿಯಿಲ್ಲ ಅಂತ ಕೇಳ್ದೆ."

"ಥೂ, ಹೋಗೋ!" ನಕ್ಕಳು. ಸರಳಿನ ಸಂದಿಯಲ್ಲಿ ಬೆರಳಿಗೆ ಬೆರಳು ತಾಗಿತು, ಅಲ್ಲೇ ಉಳಿಯಿತು.

ಪೊಲೀಸರು ಬಸ್ ತಡೆದಾಗ "ಒಂದ್ನಿಮಿಷ ಹಿಡ್ಕೋ, ಚಿನ್ನ" ಎಂದು ಅವನೇ ಅವಳ ಚೀಲಕ್ಕೆ ತುರುಕಿದ ಪೊಟ್ಟಣದ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ನನ್ನದೇ ಎಂದು ಅವಳು ಆಗಲೇ ಹೇಳಿಬಿಟ್ಟಿದ್ದಳು.

ಗಾಂಜಾ ಕೇಸಿನಲ್ಲಿ ಅಲ್ಲಿ ಸುಮ್ಮನೆ ಜಾಮೀನಿಲ್ಲ. ವಿಶೇಷ ಕಾರಣ ತೋರಿಸಬೇಕು. ತಾಯಿಯ ಕಾಯಿಲೆ ಎಲ್ಲರೂ ಹೇಳಿ ಹೇಳಿ ಸವೆದಿತ್ತು. ವಕೀಲ ಗ್ರಿಮಂಡ್ ಹೊಸದು ತಂದಿದ್ದರು.

"ಸ್ವಾಮಿ, ಭಾನುವಾರ ನನ್ನ ಕಕ್ಷಿದಾರಳ ಮದುವೆ. ವರ ಇಲ್ಲೇ ಇದ್ದಾನೆ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಎಲ್ಲಪ್ಪಾ ವರ? ಎದ್ದು ಹೌದು ಅನ್ನು, ಸಹಿ ಹಾಕ್ತೀನಿ."

ಲಖನ್ ಎದ್ದ. ಕಟಕಟೆಯಿಂದ ಶಾಂಡೆಲ್ ಬರೀ ತುಟಿಯಲ್ಲಿ, ಶರ್ಟ್ ಒಳಗೆ ಸೇರಿಸು ಎಂದಳು. ಸೇರಿಸಿದ.

ಪೊಲೀಸರ ಪರ ವಾದಿಸುತ್ತಿದ್ದ ಸಾರ್ಜೆಂಟ್ ಬೆಂಜಮಿನ್ ನಯವಾಗಿ ಕೆಮ್ಮಿದ. "ಆ ಬಸ್ಸಿನ ಡ್ರೈವರೂ ಇವನೇ, ಸ್ವಾಮಿ. ಕೈಹಿಡಿಯೋ ಹುಡುಗಿ ಚೀಲದಲ್ಲಿ ಏನಿತ್ತು ಅಂತ ಇವನಿಗೆ ಗೊತ್ತಿರಬೇಕಲ್ಲ?"

ಲಖನ್‌ನ ನೋಟ ಅವಳ ಮುಖದಿಂದ ಇಳಿದು ತನ್ನ ಬೂಟಿನ ಮೇಲೆ ನಿಂತಿತು.

"ಮದುವೆ ಗಿದುವೆ ಏನಿಲ್ಲ, ಸ್ವಾಮಿ. ದಿನಾ ನನ್ನ ಬಸ್ಸಲ್ಲಿ ಬರ್ತಾಳೆ, ಅಷ್ಟೆ. ಹೆಸರೂ ಸರಿಯಾಗಿ ಗೊತ್ತಿಲ್ಲ."

"ಏನಮ್ಮಾ, ನಿಜವೇ?"

ಅವಳು ಒಂದು ಮಾತು ಆಡಿದ್ದರೆ ಅವನೂ ಕಟಕಟೆಗೆ ಬಂದು ಪಕ್ಕದಲ್ಲೇ ನಿಲ್ಲಬೇಕಿತ್ತು. ಅವನು ತಲೆಯೆತ್ತಲಿ ಎಂದು ಅವಳು ಕಾದಳು. ಎತ್ತಲಿಲ್ಲ.

"ನಿಜ, ಸ್ವಾಮಿ. ನಾನೇ ಏನೋ ಆಸೆಗೆ ಹಾಗೆ ಹೇಳಿಸಿದೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಜಾಮೀನು ಅರ್ಜಿ ವಜಾ ಆಯಿತು. ಶಾಂಡೆಲ್‌ಳನ್ನು ಆರು ವಾರ ರಿಮಾಂಡಿಗೆ ಕಳಿಸಿದರು.