ಅತ್ತಿಗೆ ಕ್ಷಮಿಸಲಿಲ್ಲ

ಅವನು ಬಾಗಿಲು ತಟ್ಟಿದಾಗ, ಪಾತ್ರ ಉಳಿಸಿಕೊಳ್ಳಲು ಗೋಗರೆಯಲು ಬಂದಿದ್ದಾನೆ ಎಂದೇ ಅವಳು ಅಂದುಕೊಂಡಳು.

ಅವಳು ಟಿವಿ ಧಾರಾವಾಹಿಯ ಲೇಖಕಿ. ಅವನು ಅದರ ಖಳನಟ. ಸುಳ್ಳು ಸಹಿ ಹಾಕಿ ವಿಧವೆ ಅತ್ತಿಗೆಯ ಮನೆ ಕಿತ್ತುಕೊಂಡ ಮೈದುನ. ಸೆಟ್‌ನಲ್ಲೂ ಎಲ್ಲರ ಬಾಯಲ್ಲಿ ಅವನು ‘ಮೈದುನ’ನೇ. ನೋಡುವವರಿಗೆ ಅವನೆಂದರೆ ಎಲ್ಲಿಲ್ಲದ ಮೋಹ. ಅವನನ್ನು ಒಳ್ಳೆಯವನನ್ನಾಗಿ ಮಾಡಿ ಎಂದು ಚಾನೆಲ್‌ನವರು ದುಂಬಾಲು ಬಿದ್ದಿದ್ದರು. ಅವಳಿಗೆ ಒಂದು ಸಾಲೂ ಹೊಳೆಯುತ್ತಿರಲಿಲ್ಲ.

“ನನ್ನನ್ನ ಒಳ್ಳೆಯವನು ಮಾಡಬೇಡಿ ಮೇಡಂ,” ಎಂದ ಹೊಸ್ತಿಲಲ್ಲೇ. “ಕೊಂದುಬಿಡಿ.”

ಅವಳಿಗೆ ನಗು ಬಂತು. ಆ ಮನೆಯಲ್ಲಿ ತನ್ನ ನಗು ಅವಳಿಗೇ ಅಪರಿಚಿತವಾಗಿ ಕೇಳಿಸಿತು.

“ಯಾಕ್ರೀ?”

“ನಾನು ಎರಡು ಹನಿ ಕಣ್ಣೀರು ಹಾಕಿದ್ರೆ ಜನ ಕ್ಷಮಿಸಿಬಿಡ್ತಾರೆ. ಪಾಪ, ಅತ್ತಿಗೆ ಗತಿ?”

ಅವಳು ಕುರ್ಚಿಯ ಮೇಲಿನ ಬಟ್ಟೆ ರಾಶಿ ತೆಗೆದು ಜಾಗ ಮಾಡಿದಳು. ಒಂಟಿ ಹೆಂಗಸಿನ ಮನೆಯಲ್ಲಿ ಎರಡನೇ ಕುರ್ಚಿ ಬಟ್ಟೆಗೇ ಮೀಸಲು.

“ನನ್ನ ಗಂಡ ತುಂಬಾ ಚೆನ್ನಾಗಿ ಸಾರಿ ಕೇಳ್ತಿದ್ದ,” ಎಂದಳು. “ಹೊಡೆದ ಮಾರನೇ ದಿನ ಹೂವು ತರ್ತಿದ್ದ. ನಾನು ಹೂಂ ಅನ್ನೋ ತನಕ ಬಿಡ್ತಿರಲಿಲ್ಲ. ಬಿಟ್ಟು ಬಂದೆ. ಈಗ ಯಾವ ಖಳ ಅತ್ರೂ ನಂಬಿಕೆ ಬರಲ್ಲ.”

ಅವನು ಸಮಾಧಾನ ಹೇಳಲಿಲ್ಲ. ತನ್ನ ಅಂಗೈಗಳನ್ನೇ ನೋಡುತ್ತ ಕೂತ. ಆಮೇಲೆ ಮೆಲ್ಲಗೆ, “ಹಾಗಾದ್ರೆ ಅಳೋದೇ ಬೇಡ. ಕ್ಷಮೆ ಸಿಗಲ್ಲ ಅಂತ ಗೊತ್ತಿದ್ದೂ ಕಿತ್ತುಕೊಂಡಿದ್ದನ್ನ ವಾಪಸ್ ಕೊಡಲಿ,” ಎಂದ.

“ಕೊಡ್ತಾನಾ ನಿಮ್ಮ ಮೈದುನ?”

“ಕೊಡ್ತಾನೆ. ಅತ್ತಿಗೆ ಹೊರಗೆ ಹೋದ ದಿನ ಬಾಗಿಲು ಹಾಕೋಕೆ ಅವನ ಕೈ ಏಳಲಿಲ್ಲ. ನೀವೇ ಬರೆದಿದ್ರಿ. ತಪ್ಪು ಅಂತ ಒಳಗೊಳಗೇ ಗೊತ್ತಿರೋನು ಬದಲಾಗಬಹುದು. ಮಾಡಿದ್ದೆಲ್ಲಾ ಸರಿ ಅನ್ನೋನು ಆಗಲ್ಲ.”

ಅವಳೇ ಮರೆತಿದ್ದ ಸಾಲು. ಅದನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡವನನ್ನು ಅವಳು ಕಣ್ಣೆತ್ತಿ ನೋಡಿದಳು. ಊರಿಗೆಲ್ಲ ಗುಡುಗುವ ಖಳ ದೃಷ್ಟಿ ತಪ್ಪಿಸಿದ. ಕಿವಿ ಕೆಂಪಾಗಿತ್ತು.

ಅವಳು ಹಾಗೆಯೇ ಬರೆದಳು. ಮೈದುನ ಮನೆ ಹಿಂದಿರುಗಿಸಿದ, ಸುಳ್ಳು ಸಹಿ ಒಪ್ಪಿಕೊಂಡ, ಜೈಲಿಗೆ ಹೋದ. ಅತ್ತಿಗೆ ಕ್ಷಮಿಸಲಿಲ್ಲ. ಅಲ್ಲಿಗೆ ಅವನ ಪಾತ್ರವೂ ಮುಗಿಯಿತು.

ಕೊನೆಯ ಶೂಟಿಂಗ್ ಮುಗಿಸಿ ಅವನು ಹೇಳಿಹೋಗಲು ಅವಳ ಮನೆಗೆ ಬಂದ.

“ನಿಮ್ಮ ಅನ್ನಕ್ಕೆ ಕಲ್ಲು ಹಾಕಿದೆ,” ಎಂದಳು.

“ನಾನೇ ಕೇಳಿ ಹಾಕಿಸಿಕೊಂಡಿದ್ದಲ್ವಾ?” ಎಂದು ನಕ್ಕ. ಆಮೇಲೆ ನಗು ನಿಂತಿತು. “ಇನ್ಮೇಲೆ ನಿಮ್ಮ ಡೈಲಾಗ್ ನನಗಿಲ್ಲ. ನನ್ನ ಮಾತು ನಾನೇ ಆಡಬೇಕು. ನೀವಂದ್ರೆ ನನಗೆ ತುಂಬಾ ಇಷ್ಟ.”

ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಬೇಡ... ನನಗೆ ಹೆದರಿಕೆ ಆಗುತ್ತೆ.”

“ಸರಿ,” ಎಂದು ಅವನು ಮೆಟ್ಟಿಲಿಳಿದ.

ಅವಳು ಬಾಗಿಲು ಹಿಡಿದು ನಿಂತಳು. ಈಗ ತಿರುಗುತ್ತಾನೆ, ಮತ್ತೆ ಕೇಳುತ್ತಾನೆ, ಕಾಡುತ್ತಾನೆ. ಮೈ ಅದಕ್ಕೇ ಬಿಗಿಯಾಗಿ ಕಾದಿತ್ತು. ಅವನು ತಿರುಗಲಿಲ್ಲ. ಅವಳ ‘ಬೇಡ’ವನ್ನು ಬೇಡವೆಂದೇ ತಿಳಿದು, ಹೊರೆಯಂತೆ ಹೊತ್ತು ಇಳಿದುಹೋಗುತ್ತಿದ್ದ.

ಅವಳು ಬಾಗಿಲು ಬಿಟ್ಟು ಹೊರಗೆ ಬಂದಳು. ಮೆಟ್ಟಿಲ ಕಂಬಿಗೆ ಬಾಗಿ ಕೂಗಿದಳು: “ರೀ! ಟೀ ಕುಡ್ಕೊಂಡು ಹೋಗಿ.”

ಹೆಜ್ಜೆ ಸದ್ದು ನಿಂತಿತು.

“ಟೀ ಅಷ್ಟೇ,” ಎಂದಳು. “ಮಿಕ್ಕಿದ್ದು ನನಗಿನ್ನೂ ಗೊತ್ತಿಲ್ಲ.”

“ಟೀ ಸಾಕು,” ಎಂದು ಅವನು ಮೇಲೆ ಹತ್ತಿ ಬಂದ.